ಗಿರಿಮಲ್ಲಪ್ಪನ ಒಂಬತ್ತು ಇಂಚು

ಗಿರಿಮಲ್ಲಪ್ಪ ತಪ್ಪು ಮಾಡಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲ. ತಪ್ಪು ಮಾಡಿದವರನ್ನು ಬನಹಟ್ಟಿಯ ಜನ ನಾಲ್ಕು ದಿನ ಬೈದು ಐದನೆಯ ದಿನ ಚಹಾಕ್ಕೆ ಕರೆಯುತ್ತಾರೆ. ಅವನು ಸರಿಯಾದದ್ದನ್ನು ಮಾಡಿದ. ಅದೂ ಟೇಪು ಹಿಡಿದು, ಎಲ್ಲರೆದುರಿಗೆ. ಇದನ್ನು ಯಾವ ಓಣಿಯೂ ಸಹಿಸುವುದಿಲ್ಲ.

ಅವನು ಜಾಬರ್. ಅಂದರೆ ಕೆಟ್ಟ ಪಾವರಲೂಮುಗಳನ್ನು ಬಿಚ್ಚಿ, ಸವೆದ ಭಾಗ ತೆಗೆದು, ಹೊಸದು ಕೂಡಿಸಿ ಮತ್ತೆ ಓಡಿಸಿಕೊಡುವವನು. ಮೂವತ್ತು ವರ್ಷ ಇದನ್ನೇ ಮಾಡಿ ಅವನ ಸ್ವಭಾವವೂ ಮಗ್ಗದ್ದೇ ಆಗಿತ್ತು. ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಅತ್ತಿತ್ತ ಆದರೆ ಮುಂದೆ ಸಾಗುತ್ತಿರಲಿಲ್ಲ. ಉಕ್ಕಿನ ಟೇಪು ಕಿಸೆಯಲ್ಲಿಲ್ಲದೆ ಅವನು ಮದುವೆಗೂ ಹೋಗುತ್ತಿರಲಿಲ್ಲ. ಹೋದಲ್ಲಿ ಹಂದರದ ಅಳತೆ ತೆಗೆದು, ಹೇಳಿದ್ದಕ್ಕಿಂತ ಎರಡು ಫೂಟು ಕಡಿಮೆಯಿದೆ ಎಂದು ಊಟದ ಪಂಕ್ತಿಯಲ್ಲಿ ಸಾರುತ್ತಿದ್ದ. ಪಕ್ಕದಲ್ಲಿ ಕುಳಿತ ಹೆಂಡತಿ ಮಂಗಲಾ ಆಗ ಬೇರೆಯವರ ಹೆಂಡತಿಯಂತೆ ಮುಖ ಆ ಕಡೆ ಮಾಡುತ್ತಿದ್ದಳು.

ಮಂಗಲಾ ಬಾಡಿಗೆಯ ಶೆಡ್ಡೊಂದರಲ್ಲಿ ಎರಡು ಮಗ್ಗ ನಡೆಸುತ್ತಿದ್ದಳು. ಶೆಡ್ಡಿನ ಮಾಲೀಕ ಒಂದು ದಿನ, ದೀಪಾವಳಿಯೊಳಗೆ ಜಾಗ ಬಿಡಿ ಎಂದ. ಬೇರೆ ಶೆಡ್ಡು ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ಮನೆಯ ಹಿತ್ತಲಲ್ಲಿ ಸ್ವಂತ ಕೋಣೆ ಕಟ್ಟುವುದು. ಎರಡು ಮಗ್ಗ ನಿಂತು ನಡುವೆ ಮನುಷ್ಯರು ಓಡಾಡಬೇಕಾದರೆ ಹದಿನೈದು ಫೂಟು ಉದ್ದ ಬೇಕು. ದೇವರ ದಯೆಯಿಂದ ಹಿತ್ತಲೂ ಹದಿನೈದೇ ಫೂಟು ಇತ್ತು. ಅದರಾಚೆ ನೆರೆಯ ಪ್ರಭುಲಿಂಗನ ಬಯಲು, ನಡುವೆ ಒಂದು ಗಡಿಕಲ್ಲು. ದೀಪಾವಳಿಗೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಕೋಣೆ ಎದ್ದರೆ ಮಗ್ಗ ಉಳಿಯುತ್ತಿತ್ತು, ಇಲ್ಲವಾದರೆ ಗುಜರಿಯವನ ಗಾಡಿ ಹತ್ತುತ್ತಿತ್ತು.

ಇಟ್ಟಿಗೆಗೆ ದೂರ ಹುಡುಕಬೇಕಿರಲಿಲ್ಲ. ಮಂಗಲಾಳ ತಮ್ಮ ಶಶಿಕಾಂತ ಗಲಗಲಿಯ ಹತ್ತಿರ, ಹೊಳೆಯ ದಂಡೆಯಲ್ಲಿ ಇಟ್ಟಿಗೆ ಭಟ್ಟಿ ಇಟ್ಟಿದ್ದ. ಮಣ್ಣು ಒತ್ತಿ ಒಮ್ಮೆಗೆ ನಾಲ್ಕು ಹಸಿ ಇಟ್ಟಿಗೆ ಕೆಡಹುವ ಯಂತ್ರವೂ ಇತ್ತು. ಗಿರಿಮಲ್ಲಪ್ಪ ಅಲ್ಲಿಗೆ ಹೋದವನು ಸುಟ್ಟ ಇಟ್ಟಿಗೆಯೊಂದನ್ನು ಎತ್ತಿ, ರೂಢಿಯಂತೆ ಟೇಪು ಹಿಡಿದ. ನೋಡಿದವನ ಹುಬ್ಬು ಮೇಲೇರಿತು.

“ಶಶಿಕಾಂತ, ಇದು ಎಷ್ಟ ಇಂಚಿನ ಇಟ್ಟಂಗಿ?”

“ಒಂಬತ್ತರದು ಮಾಮಾ.”

“ಟೇಪಿನ್ಯಾಗ ಎಂಟರ ಮ್ಯಾಲ ಒಂದ ನೂಲು ಐತಿ.”

“ಟೇಪ ಯಾಕ ಹಿಡಿತೀರಿ? ಅಚ್ಚು ಒಂಬತ್ತು ಐತಿ. ಅದಕ್ಕ ಇಟ್ಟಂಗೀನೂ ಒಂಬತ್ತರದು. ಮಣ್ಣು ಒಣಗಿದ್ರ ಕುಗ್ಗತೈತಿ, ಸುಟ್ಟರ ಇನ್ನಷ್ಟು ಕುಗ್ಗತೈತಿ. ಬೀಳಗಿಯಿಂದ ಮುಧೋಳತನಕ ಎಲ್ಲಾರ ಒಂಬತ್ತೂ ಇಷ್ಟ ಇರತೈತಿ.”

ಗಿರಿಮಲ್ಲಪ್ಪ ಅಲ್ಲೇ ಮಣ್ಣಿನ ರಾಶಿಯ ಮೇಲೆ ಕುಳಿತುಬಿಟ್ಟ. ನಾಲ್ಕು ತಾಲೂಕಿನ ಜನ ಎಂಟನ್ನು ಒಂಬತ್ತು ಎಂದು ಕರೆದು, ಅದರೊಳಗೆ ಹುಟ್ಟಿ, ಅದರೊಳಗೆ ಮದುವೆಯಾಗಿ, ಅದರೊಳಗೇ ಸತ್ತುಹೋಗುತ್ತಿದ್ದರು, ಯಾರಿಗೂ ಇದರ ಖಬರಿರಲಿಲ್ಲ.

“ನಾವು ನೇಕಾರರು,” ಎಂದ ಅವನು. “ಸೀರಿ ನೀರಿಗೆ ಬಿದ್ರ ಕುಗ್ಗತೈತಿ ಅಂತ ನಮಗೂ ಗೊತ್ತೈತಿ. ಅದಕ್ಕ ಮಗ್ಗದ ಮ್ಯಾಲ ಮೊದಲ ಅಗಲ ಹೆಚ್ಚ ಹಿಡೀತೇವಿ. ಕುಗ್ಗಿದ ಮ್ಯಾಲ ಹೇಳಿದ ಅಳತಿ ಉಳೀಬೇಕು. ನೀ ಮಣ್ಣಿನ ಹೆಸರ ಹೇಳಿ ಊರಿಗೆ ಟೊಪಗಿ ಹಾಕಾಕತ್ತಿ.”

“ನಾ ಒಬ್ಬಾವನ ಹಾಕಾಕತ್ತಿಲ್ಲ ಮಾಮಾ, ಎಲ್ಲಾರೂ ಹಾಕ್ತಾರ.” ಶಶಿಕಾಂತ ಇದನ್ನು ಬಹಳ ಸಮಾಧಾನದಿಂದ ಹೇಳಿದ.

ಗಿರಿಮಲ್ಲಪ್ಪ ಆ ದಿನವೇ ಯಂತ್ರದ ಅಚ್ಚು ಬಿಚ್ಚಿಸಿ, ಟಂಟಂ ಆಟೋದಲ್ಲಿ ಹೇರಿ ಬನಹಟ್ಟಿಗೆ ತಂದ. ಹದಿನೈದು ದಿನ ಅವನ ಮನೆಯ ಮುಂದೆ ಕಬ್ಬಿಣ ಕೊಯ್ಯುವ ಸದ್ದು ನಿಲ್ಲಲಿಲ್ಲ. ಅವನು ಹೊಸ ಅಚ್ಚು ಮಾಡಿದ. ಉದ್ದ ಹತ್ತಕ್ಕೆ ಒಂದು ನೂಲು ಕಡಿಮೆ. ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟ, ಹಸಿ ಇಟ್ಟಿಗೆ ಅಂಟದೆ ಜಾರಿ ಬೀಳಲಿ ಎಂದು. ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ. ಎರಡು ಸಲ ಮಣ್ಣು ಒತ್ತಿ, ಸುಟ್ಟು, ಅಳೆದು, ಮತ್ತೆ ತಿದ್ದಿ ಉದ್ದವನ್ನು ಸರಿಯಾಗಿ ಹತ್ತಕ್ಕೆ ತಂದ. ಮೂರನೆಯ ಸಲ ಭಟ್ಟಿಯಿಂದ ಬಂದ ಇಟ್ಟಿಗೆಗೆ ಟೇಪು ಹಿಡಿದಾಗ ಅದು ಒಂಬತ್ತು ಇಂಚು ಇತ್ತು. ಎರಡನೆಯದೂ ಒಂಬತ್ತು. ಏಳು ಇಟ್ಟಿಗೆ ಅಳೆದ, ಏಳೂ ಒಂಬತ್ತು. ಒಂದನ್ನು ಕೈವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ.

“ಭಾಳ ದೊಡ್ಡದಾಗೇತಲ್ರಿ,” ಎಂದಳು ಮಂಗಲಾ.

“ದೊಡ್ಡದಾಗಿಲ್ಲ. ಸರಿ ಆಗೇತಿ.”

ಈ ಮಾತನ್ನು ಅವನು ದೀಪಾವಳಿಯೊಳಗೆ ಇನ್ನೂರು ಸಲ ಹೇಳಬೇಕಾಯಿತು. ಒಬ್ಬರಾದರೂ ಕೇಳಿಸಿಕೊಂಡ ದಾಖಲೆಯಿಲ್ಲ.

ಗೋಡೆ ಕಟ್ಟಲು ಬಂದವನು ದಶರಥ, ಓಣಿಯ ಅರ್ಧ ಮನೆಗಳನ್ನು ಕಟ್ಟಿದ ಗೌಂಡಿ. ಅವನ ಅಪ್ಪ ಉಳಿದರ್ಧ ಕಟ್ಟಿದ್ದ. ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಬಂದಿಳಿದ ದಿನವೇ ಗಿರಿಮಲ್ಲಪ್ಪನಿಗೆ ಜಮಖಂಡಿಯಿಂದ ಕರೆ ಬಂತು. ಹನ್ನೆರಡು ಮಗ್ಗ ಬಿಚ್ಚಿ ಕೂಡಿಸುವ ಕೆಲಸ, ಒಂದು ವಾರದ್ದು. ಅವನು ದಶರಥನಿಗೆ, “ಹದಿನೈದು ಫೂಟು, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮಿಲ್ಲ,” ಎಂದು ಮೂರು ಸಲ ಹೇಳಿ ಬಸ್ಸು ಹತ್ತಿದ. ದಶರಥ ಮೂರು ಸಲವೂ ತಲೆಯಾಡಿಸಿದ.

ವಾರದ ಮೇಲೆ ಅವನು ತಿರುಗಿ ಬಂದಾಗ ಗೋಡೆ ಎದೆಮಟ್ಟ ಎದ್ದಿತ್ತು. ಗೋಡೆಯಾಚೆ ಪ್ರಭುಲಿಂಗನ ತಲೆಯೂ ಎದ್ದಿತ್ತು.

“ಗಿರಿಮಲ್ಲಪ್ಪ, ನನ್ನ ಗಡಿಕಲ್ಲು ಎಲ್ಲಿ ಐತಿ?”

“ಇದ್ದಲ್ಲೇ ಇರಬೇಕು.”

“ಇದ್ದಲ್ಲೇ ಐತಿ. ಅದರ ಮ್ಯಾಲ ನಿನ್ನ ಗ್ವಾಡಿ ಐತಿ.”

ಗಿರಿಮಲ್ಲಪ್ಪ ಕೈಚೀಲ ಕೆಳಗಿಡದೆಯೇ ಟೇಪು ಎಳೆದ. ಹದಿನೈದು ಫೂಟು ಏಳೂವರೆ ಇಂಚು. ಅವನು ದಶರಥನ ಕಡೆ ತಿರುಗಿದ. ದಶರಥ ಕರಣಿ ತೊಳೆಯುತ್ತಿದ್ದ.

“ಟೇಪ ಹಿಡೀಲಿಲ್ಲೇನು?”

“ಟೇಪ ಹಿಡಿಯೂದು ಹೊಸಾ ಗೌಂಡಿಗೋಳ್ರಿ ಅಣ್ಣಾರ. ಇಪ್ಪತ್ತ ಇಟ್ಟಂಗಿ ನೆಲದ ಮ್ಯಾಲ ಸಾಲಾಗಿ ಹಚ್ಚಿದ್ರ ಹದಿನೈದ ಫೂಟ. ಅಲ್ಲಿ ಗೆರಿ ಹೊಡದು ಬುನಾದಿ ತಗಿಯೂದು. ನಮ್ಮಪ್ಪಾನೂ ಇಪ್ಪತ್ತ ಹಚ್ಚತಿದ್ದ. ಇಷ್ಟ ವರ್ಷದಾಗ ಇಪ್ಪತ್ತ ಇಟ್ಟಂಗಿ ಯಾರ ಗಡೀನೂ ದಾಟಿಲ್ಲ. ದಾಟಿದ್ರ ಅದು ಇಟ್ಟಂಗಿ ತಪ್ಪು.”

“ನಡುವ ಬೆರಳ ಸಂದ ಬಿಡ್ತಿ, ಅದಕ್ಕ ಸಿಮಿಟ ತುಂಬತಿ. ಅದನ್ನ ಯಾರ ಲೆಕ್ಕ ಹಿಡೀಬೇಕು?”

“ಅದು ಇಟ್ಟಂಗ್ಯಾಗ ಬರ್ತೈತ್ರಿ,” ಎಂದ ದಶರಥ.

ಹಾಗೆ ನೋಡಿದರೆ ಅವನು ಹೇಳಿದ್ದು ಸುಳ್ಳಲ್ಲ. ಇಟ್ಟಿಗೆ ಎಂಟು ಇಂಚಿನದಾಗಿದ್ದಾಗ ಸಂದಿಯ ಸಿಮೆಂಟು ಆ ಕಳ್ಳತನವನ್ನು ಸ್ವಲ್ಪ ಮುಚ್ಚಿಡುತ್ತಿತ್ತು. ಈಗ ಇಟ್ಟಿಗೆ ಸಾಚಾ ಆಗಿತ್ತು, ಲೆಕ್ಕ ಹಳೆಯದೇ ಇತ್ತು. ಗಿರಿಮಲ್ಲಪ್ಪನಿಗೆ ಇದು ಕ್ಷಣದಲ್ಲಿ ಹೊಳೆಯಿತು. ಹೊಳೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪ್ರಭುಲಿಂಗನ ಕೈಹಿಡಿದು, ತಪ್ಪಾತೋ ಮಾರಾಯ, ಗೋಡೆ ಹಿಂದಕ್ಕೆ ತಗೊಳ್ತೇನೆ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಇಪ್ಪತ್ತು ಇಟ್ಟಿಗೆ ಹದಿನೈದು ಫೂಟಲ್ಲ ಎಂದು ತೋರಿಸಲು, ದಶರಥನೇ ಕಟ್ಟಿದ ಪ್ರಭುಲಿಂಗನ ನಡುಮನೆಗೆ ಚಪ್ಪಲಿ ಬಿಟ್ಟು ನುಗ್ಗಿ ಟೇಪು ಎಳೆದ.

ಹದಿನಾಲ್ಕು ಫೂಟು ಎರಡು ಇಂಚು.

ಪ್ರಭುಲಿಂಗ ಟೇಪಿನ ಮೇಲೆ ಬಗ್ಗಿ ನೋಡಿದ. ಕನ್ನಡಕ ಹಾಕಿ ನೋಡಿದ. ಹೆಂಡತಿಯನ್ನು ಕರೆದು ತೋರಿಸಿದ. ಆಮೇಲೆ ನಿಧಾನವಾಗಿ ತಲೆಯೆತ್ತಿ, “ನಿನ್ನಿತನಕ ಇದು ಹದಿನೈದ ಇತ್ತು,” ಎಂದ.

“ನಿನ್ನೀನೂ ಇಷ್ಟ ಇತ್ತು. ನಿನಗ ಗೊತ್ತಿರಲಿಲ್ಲ ಅಷ್ಟ.”

“ನೀ ಬಂದು ಅಳದ ಮ್ಯಾಲ ಕಡಿಮಿ ಆತು. ಮೊದಲ ನನ್ನ ಬಯಲಾಗ ಏಳೂವರಿ ಇಂಚು ನುಂಗಿದಿ, ಈಗ ನನ್ನ ನಡುಮನ್ಯಾಗ ಹತ್ತು ಇಂಚು ನುಂಗಿದಿ.”

ಮಧ್ಯಾಹ್ನದೊಳಗೆ ಸುದ್ದಿ ಓಣಿಯ ಆ ತುದಿ ಮುಟ್ಟಿತು. ಟೇಪು ಇದ್ದವರು ಟೇಪು ತೆಗೆದರು, ಇಲ್ಲದವರು ಅರಿವೆ ಅಂಗಡಿಯಿಂದ ಗಜಕೋಲು ತಂದರು. ಮನೆಮನೆಯಿಂದಲೂ ಒಂದೇ ಉತ್ತರ ಬಂತು. ಕಿರಾಣಿ ಅಂಗಡಿಯ ಮಹಾಲಿಂಗ, ಮಗಳನ್ನು ನೋಡಲು ಬಂದ ರಬಕವಿಯ ಬೀಗರಿಗೆ ತನ್ನ ಪಡಸಾಲೆ ಹದಿನೈದು ಫೂಟು ಎಂದು ಹಿಂದಿನ ರವಿವಾರವಷ್ಟೇ ಹೇಳಿದ್ದ. ಈಗ ಅವನು ಅಂಗಡಿಯ ಕದ ಅರ್ಧ ಮುಚ್ಚಿ ಬಂದು, ಬೀಗರ ಮುಂದೆ ತನ್ನ ಮಾನ ಕಳೆದವನು ಗಿರಿಮಲ್ಲಪ್ಪನೇ ಎಂದು ಹತ್ತು ಜನರ ಮುಂದೆ ಹೇಳಿದ. ಎಂಬತ್ತು ದಾಟಿದ ಮುತ್ತವ್ವ ಕೋಲೂರಿಕೊಂಡು ಬಂದು ಗಿರಿಮಲ್ಲಪ್ಪನ ಕಟ್ಟೆಯ ಮೇಲೆ ಕುಳಿತಳು.

“ನಮ್ಮ ಮನ್ಯಾವ್ರು ಕಟ್ಟಿಸಿದ ಮನಿ ಅದು. ಅವ್ರು ಇರೂತನಕ ಹದಿನೈದ ಫೂಟ ಇತ್ತು. ಗಂಡಸು ದಿಕ್ಕಿಲ್ಲಂತ ನೋಡಿ ಕಡಿಮಿ ಮಾಡಿದೇನಪಾ?”

“ಯವ್ವಾ, ನಾ ಏನೂ ಮಾಡಿಲ್ಲ. ಆ ಹತ್ತು ಇಂಚು ನಿನ್ನ ಹಿತ್ತಲದಾಗ ಐತಿ.”

“ಹಿತ್ತಲದಾಗ ಇದ್ರ ನಾ ನೋಡ್ತಿರಲಿಲ್ಲೇನು? ದಿನಾ ಮುಂಜಾನಿ ಕಸಾ ಹೊಡೀತೇನಿ.”

ಗಿರಿಮಲ್ಲಪ್ಪನಿಗೆ ಮೈಯೆಲ್ಲ ಉರಿಯಿತು. ಕುಗ್ಗಿಸಿದವನು ಭಟ್ಟಿಯವನು, ಎಣಿಸಿ ಕಟ್ಟಿದವನು ಗೌಂಡಿ, ನೋಡದೆ ಒಳಗೆ ಮಲಗಿದವರು ಇವರು. ಬೈಸಿಕೊಳ್ಳುವವನು ಮಾತ್ರ ಒಂಬತ್ತನ್ನು ಒಂಬತ್ತು ಮಾಡಿದ ತಾನು. ಇದು ಯಾವ ಸೀಮೆಯ ನ್ಯಾಯ ಎಂದು ಅವನು ಓಣಿಯ ನಡುವೆ ನಿಂತು ಕೇಳಿದ. ಓಣಿಯವರು ಅವನ ಟೇಪನ್ನು ಮೊದಲು ಪರೀಕ್ಷೆ ಮಾಡಿಸಬೇಕು ಎಂದರು.

ಪ್ರಭುಲಿಂಗ ನಗರಸಭೆಗೆ ಅರ್ಜಿ ಕೊಟ್ಟದ್ದಕ್ಕೆ ನಾಲ್ಕನೆಯ ದಿನ ಇಂಜಿನಿಯರ್ ಸಾಹೇಬರು ಮೋಟರ್‌ಸೈಕಲ್ಲಿನಲ್ಲಿ ಬಂದರು. ಶಾಂತ ಸ್ವಭಾವದವರು. ನಿವೃತ್ತಿಗೆ ಎಂಟು ತಿಂಗಳಿತ್ತು. ಗೋಡೆ ನೋಡಿದರು, ಗಡಿಕಲ್ಲು ಇರಬಹುದಾದ ಜಾಗ ನೋಡಿದರು, ಚಹಾ ಕುಡಿದರು. ಆಮೇಲೆ ಅಚ್ಚು ತೋರಿಸು ಎಂದರು. ಗಿರಿಮಲ್ಲಪ್ಪನಿಗೆ ಜೀವ ಬಂದಂತಾಯಿತು. ಮೊದಲ ಸಲ ಒಬ್ಬ ತಿಳಿದವನು ಅಚ್ಚಿನ ಬಗ್ಗೆ ಕೇಳಿದ್ದ. ಅವನು ಪ್ರಯೋಗಕ್ಕೆ ಮಾಡಿದ್ದ ಅಚ್ಚನ್ನು ಒರೆಸಿ ತಂದು, ಒಳಗಿನ ಇಳಿಜಾರಿನ ಮೇಲೆ ಸಾಹೇಬರ ಬೆರಳನ್ನೇ ಹಿಡಿದು ಆಡಿಸಿದ. ಮಣ್ಣು ಎಷ್ಟು ಒಣಗುತ್ತದೆ, ಎಷ್ಟು ಸುಡುತ್ತದೆ, ಸೀರೆ ಯಾಕೆ ಕುಗ್ಗುತ್ತದೆ ಎಲ್ಲ ಹೇಳಿದ. ಸಾಹೇಬರು ಪೂರ್ತಿ ಕೇಳಿ, ಅಚ್ಚಿನ ಉದ್ದಕ್ಕೆ ಟೇಪು ಹಿಡಿದರು.

“ಹತ್ತು ಐತಲ್ಲ,” ಎಂದರು.

“ಅಚ್ಚು ಹತ್ತರಿ. ಇಟ್ಟಂಗಿ ಒಂಬತ್ತು. ಇಟ್ಟಂಗಿಗೆ ಟೇಪ ಹಿಡೀರಿ.”

ಸಾಹೇಬರು ಇಟ್ಟಿಗೆಯೊಂದನ್ನು ಎತ್ತಿ ಟೇಪು ಹಿಡಿದರು. “ಇಟ್ಟಂಗಿ ಒಂದೊಂದು ಒಂದೊಂದು ಥರಾ ಬರ್ತಾವಪಾ. ಕಾಗದದಾಗ ಅಚ್ಚಿನ ಅಳತೀನ ಬರಿಯೂದು. ಇದು ಹತ್ತು ಇಂಚಿನ ಇಟ್ಟಂಗಿ.”

“ಸಾಹೇಬ್ರ, ನಿಮ್ಮ ಕೈಯಾಗಿಂದು ಒಂಬತ್ತ ಐತಿ. ನಿಮ್ಮ ಟೇಪ ಒಂಬತ್ತ ಅನ್ನಾಕತ್ತೈತಿ.”

ಸಾಹೇಬರು ಅವನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು, ಭುಜದ ಮೇಲೆ ಕೈಯಿಟ್ಟರು. “ಗಿರಿಮಲ್ಲಪ್ಪ, ಇಪ್ಪತ್ತಾರ ವರ್ಷದಿಂದ ಇಲ್ಲಿ ಮನಿಗೋಳ ಅಳತಿ ಬರದು ಸಹಿ ಮಾಡೇನಿ. ಎಲ್ಲಾ ಇಪ್ಪತ್ತ ಇಟ್ಟಂಗಿಗೆ ಹದಿನೈದ ಫೂಟ ಹಿಡದ ಬರದೇನಿ. ಇವತ್ತ ನಿಂದು ಒಂಬತ್ತು ಅಂದ್ರ, ಅವೆಲ್ಲಾ ಏನು? ಅವ್ರ ಕಾಗದ ಏನು? ನನ್ನ ಪಿಂಚಣಿ ಏನು? ನಿಂದು ಹತ್ತು ಅಂದ್ರ ಯಾರಿಗೂ ತ್ರಾಸಿಲ್ಲ.”

ಓಣಿಯ ಹಿರಿಯರು ಅಲ್ಲೇ ಕುಳಿತು ಕಾಗದ ಬರೆಸಿದರು. ಗಿರಿಮಲ್ಲಪ್ಪನು ವಾಡಿಕೆಯ ಒಂಬತ್ತು ಇಂಚಿನ ಇಟ್ಟಿಗೆ ಬಿಟ್ಟು ಹತ್ತು ಇಂಚಿನದು ಬಳಸಿದ್ದರಿಂದ ಗೋಡೆ ಹೊರಬಂದಿರುತ್ತದೆ. ಇದನ್ನು ಅವನು ಒಪ್ಪಿ ಸಹಿ ಮಾಡಿದರೆ ಪ್ರಭುಲಿಂಗನು ನೆರೆಹೊರೆಯ ಪ್ರೀತಿಯಿಂದ ಆ ಏಳೂವರೆ ಇಂಚು ಬಿಟ್ಟುಕೊಡುತ್ತಾನೆ. ಓಣಿಯ ಮನೆಗಳೆಲ್ಲ ಮತ್ತೆ ಹದಿನೈದು ಫೂಟಾಗುತ್ತವೆ. ಮಹಾಲಿಂಗ ತಾನೇ ಪೆನ್ನು ತಂದುಕೊಟ್ಟ. ಮುತ್ತವ್ವ ಕಟ್ಟೆಯಿಂದಲೇ, ಮಾಡಪಾ ಮಗನ, ನನ್ನ ಮನಿ ನನಗ ಕೊಡು ಎಂದಳು.

ಮಂಗಲಾ ಬಾಗಿಲಲ್ಲಿ ನಿಂತಿದ್ದಳು. “ಮಾಡಿಬಿಡ್ರಿ,” ಎಂದಳು. “ದೀಪಾವಳಿಗೆ ಹತ್ತೊಂಬತ್ತ ದಿನಾ ಉಳದೈತಿ. ಮಗ್ಗಾ ಎಲ್ಲಿ ಇಡೂನು?”

ಗಿರಿಮಲ್ಲಪ್ಪ ಪೆನ್ನು ತೆಗೆದುಕೊಂಡ. ಕಾಗದ ಓದಿದ. ಹತ್ತು ಎಂಬ ಅಕ್ಷರದ ಮೇಲೆ ಅವನ ಕಣ್ಣು ನಿಂತಿತು. ಹದಿನೈದು ದಿನ ಕಬ್ಬಿಣ ಉಜ್ಜಿದ ಕೈ ಅದು, ಆ ಅಕ್ಷರದ ಕೆಳಗೆ ಓಡಲಿಲ್ಲ.

“ಬರೂದಿಲ್ಲ,” ಎಂದ.

“ಏನ ಬರೂದಿಲ್ಲ? ಸಹಿನ?” ಎಂದ ಪ್ರಭುಲಿಂಗ.

“ಒಂಬತ್ತಕ್ಕ ಹತ್ತ ಅನ್ನಾಕ ಬರೂದಿಲ್ಲ. ನಿನ್ನ ಏಳೂವರಿ ಇಂಚು ನಿನಗಿರಲಿ. ನನ್ನ ಒಂಬತ್ತು ನನಗಿರಲಿ. ಗ್ವಾಡಿ ಕೆಡವತೇನಿ.”

ಎಲ್ಲರೂ ಇದು ಮಾತಿಗೆ ಹೇಳಿದ್ದು ಎಂದುಕೊಂಡರು. ಅವನು ಒಳಗೆ ಹೋಗಿ ಹಾರೆ ತಂದು, ಧೋತರದ ಚುಂಗು ಸಿಕ್ಕಿಸಿಕೊಂಡು, ತನ್ನ ಗೋಡೆಗೆ ತಾನೇ ಹಾರೆ ಹಾಕಿದ. ಹಾಕುವಾಗ ಅವನ ಬಾಯಿ ಸುಮ್ಮನಿರಲಿಲ್ಲ. ಎಂಟನ್ನ ಒಂಬತ್ತ ಅನ್ನೋ ನಾಲಗಿಗೆ ನಾಳೆ ಸಂಜಿಗೆ ಮುಂಜಾನಿ ಅನ್ನೂದು ಎಷ್ಟ ಹೊತ್ತು ಎಂದು ಕೇಳುತ್ತಾ ಒಂದು ಸಾಲು ಕಿತ್ತ. ಮನಿ ಸಣ್ಣದಾದ್ರ ನಡೀತೈತಿ, ಸಣ್ಣದು ಅಂತ ಹೇಳಿದಾವ ಇರಬಾರದು ಎನ್ನುತ್ತಾ ಇನ್ನೊಂದು ಕಿತ್ತ. ದಶರಥ ಹತ್ತಿರ ಬಂದು, ಕೆಡವಾಕೂ ಗೌಂಡಿ ಬೇಕಾಕ್ಕೈತ್ರಿ ಅಣ್ಣಾರ ಎಂದ. ಗಿರಿಮಲ್ಲಪ್ಪ ಅವನ ಕಡೆ ನೋಡಿದ ನೋಟಕ್ಕೆ ದಶರಥ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಸಲಹೆ ಕೊಡತೊಡಗಿದ. ಪ್ರಭುಲಿಂಗ ಒಂದು ತಾಸು ನೋಡಿದ. ಇಷ್ಟ ಆಗಬಾರದಿತ್ತು ಎಂದು ತನ್ನಷ್ಟಕ್ಕೇ ಹೇಳಿಕೊಂಡು ಮನೆಯೊಳಗೆ ಹೋದ. ಗೋಡೆ ಇಳಿದಾಗ ಬುನಾದಿಯಡಿ ಗಡಿಕಲ್ಲು ಸಿಕ್ಕಿತು, ಇದ್ದಲ್ಲೇ ಇತ್ತು.

ಮೂರನೆಯ ದಿನ ಮಂಗಲಾ ಸೆರಗು ಬಿಗಿದು ಹಿತ್ತಲಿಗೆ ಬಂದು, ಕಿತ್ತ ಇಟ್ಟಿಗೆಗಳಿಗೆ ಅಂಟಿದ ಸಿಮೆಂಟು ಕೆರೆದು ಒಂದು ಕಡೆ ಒಟ್ಟತೊಡಗಿದಳು. ಹೊಸ ಬುನಾದಿಗೆ ಟೇಪಿನ ಒಂದು ತುದಿ ಗಿರಿಮಲ್ಲಪ್ಪ ಹಿಡಿದ, ಇನ್ನೊಂದು ತುದಿ ದಶರಥ ಹಿಡಿದ, ಅವಮಾನದಿಂದ ಮುಖ ಗಂಟಿಕ್ಕಿಕೊಂಡು. ಸಾಲಿಗೆ ಹತ್ತೊಂಬತ್ತು ಇಟ್ಟಿಗೆ ಮತ್ತು ಒಂದೂವರೆ ಇಂಚಿನ ಒಂದು ಚೂರು ಹಿಡಿಯಿತು. ಪ್ರತಿ ಸಾಲಿಗೂ ಆ ಚೂರು ಒಡೆಯುವಾಗ ದಶರಥ ಅಪ್ಪನ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಿದ್ದ.

ತಗಡು ಹೊದಿಸುವ ದಿನ ಗಲಗಲಿಯಿಂದ ಬಂದ ಟ್ರ್ಯಾಕ್ಟರಿನವನು ಸುದ್ದಿ ಹೇಳಿದ. ಶಶಿಕಾಂತನ ಭಟ್ಟಿಗೆ ಜನ ಸರದಿ ಹಚ್ಚಿದ್ದಾರೆ, ಬೀಳಗಿಯಿಂದಲೂ ಬರುತ್ತಿದ್ದಾರೆ. ಗಿರಿಮಲ್ಲಪ್ಪನಿಗೆ ತಡೆಯಲಾಗಲಿಲ್ಲ. ಕೊನೆಗೂ ನಾಲ್ಕು ತಾಲೂಕಿಗೆ ಬುದ್ಧಿ ಬಂತು ಎಂದು ಅದೇ ಟ್ರ್ಯಾಕ್ಟರು ಹತ್ತಿ ಹೋದ. ಭಟ್ಟಿಯ ಮುಂದೆ ಹೊಸ ಬೋರ್ಡು ಇತ್ತು. ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು: ‘ಬನಹಟ್ಟಿಯ ಪ್ರಸಿದ್ಧ ಹತ್ತು ಇಂಚಿನ ಇಟ್ಟಂಗಿ’.

“ಇದನ್ನ ಅಳಸು,” ಎಂದ ಗಿರಿಮಲ್ಲಪ್ಪ.

“ಒಂಬತ್ತು ಅಂತ ಬರಸಿದ್ದೆ ಮಾಮಾ. ಯಾರೂ ಒಯ್ಯಲಿಲ್ಲ. ಒಂಬತ್ತು ಇಷ್ಟ ದೊಡ್ಡದು ಇರೂದಿಲ್ಲ, ಇದರಾಗ ಏನೋ ಮೋಸ ಐತಿ ಅಂದ್ರು. ಹತ್ತು ಅಂತ ಬರಸಿದೆ, ನಿಂತ ಒಯ್ಯಾಕತ್ತಾರ. ಅಚ್ಚೂ ಹತ್ತ ಐತಲ್ಲ.”

“ನನ್ನ ಅಚ್ಚು ಬಿಚ್ಚಿ ಒಯ್ತೇನಿ.”

“ಒಯ್ರಿ. ನಿಮ್ಮ ಕೈದು. ಆದ್ರ ನಾಳಿಂದ ಮತ್ತ ಹಳೇ ಅಚ್ಚ ಹಾಕಿ ಎಂಟರದನ್ನ ಒಂಬತ್ತಂತ ಮಾರ್ತೇನಿ. ಅದು ಛಲೋನೋ, ಇದು ಛಲೋನೋ, ನೀವ ಹೇಳ್ರಿ.”

ಗಿರಿಮಲ್ಲಪ್ಪ ಪಾನೆ ಹಿಡಿದು ಯಂತ್ರದ ಮುಂದೆ ಕಾಲು ತಾಸು ನಿಂತ. ಒಂದೊಂದು ಸಲಕ್ಕೂ ನಾಲ್ಕು ಹಸಿ ಇಟ್ಟಿಗೆ ಅಂಟದೆ, ಮೂಲೆ ಮುರಿಯದೆ, ನುಣ್ಣಗೆ ಜಾರಿ ಬೀಳುತ್ತಿದ್ದವು. ಅವನು ನಟ್ಟಿಗೆ ಪಾನೆ ಹಚ್ಚಿದ, ಬಿಚ್ಚಲಿಲ್ಲ. ಸ್ವಲ್ಪ ಸಡಿಲಾಗಿತ್ತು, ಬಿಗಿ ಮಾಡಿ ಬಂದ. ಹೊರಬರುವಾಗ ಪ್ರಭುಲಿಂಗ ಎದುರಾದ. ಬಯಲಿಗೆ ಕಾಂಪೌಂಡು ಕಟ್ಟಿಸುವವನಿದ್ದ.

“ಗಿರಿಮಲ್ಲಪ್ಪ, ಖರೇನ ಹತ್ತ ಅದಾವಿಲ್ಲೋ? ನೀ ಆದ್ರ ಸುಳ್ಳ ಹೇಳೂದಿಲ್ಲ, ಅದಕ್ಕ ಕೇಳಾಕತ್ತೇನಿ.”

“ಒಂಬತ್ತ ಅದಾವ.”

“ಹಾಂಗಾರ ಹತ್ತರದು ಯಾವ ಕಡೆ ಒಟ್ಟ್ಯಾರು?” ಎಂದು ಪ್ರಭುಲಿಂಗ ಒಳಗೆ ಹೋದ.

ದೀಪಾವಳಿಗೆ ಎರಡು ದಿನ ಮೊದಲು ಮಗ್ಗಗಳು ಹೊಸ ಕೋಣೆಗೆ ಬಂದವು. ಗಿರಿಮಲ್ಲಪ್ಪ ಮಟ್ಟಗೋಲು ಇಟ್ಟು ಕೂಡಿಸಿದ, ನೂಲು ಕಟ್ಟಿದ, ಗುಂಡಿ ಒತ್ತಿದ. ಎರಡೂ ಒಟ್ಟಿಗೆ ಸದ್ದು ಮಾಡತೊಡಗಿದವು. ಬಾಡಿಗೆಯ ಶೆಡ್ಡಿನಲ್ಲಿ ಮಗ್ಗ ಮತ್ತು ಗೋಡೆಯ ನಡುವೆ ಮಂಗಲಾ ಇಪ್ಪತ್ತೆರಡು ವರ್ಷ ಅಡ್ಡ ಸರಿದೇ ಓಡಾಡಿದ್ದಳು. ಅವಳ ಎಡಗೈಯ ಮೊಣಕೈ ಅಲ್ಲಿನ ಗೋಡೆಗೆ ತಾಗಿ ತಾಗಿ ಕಪ್ಪಾಗಿತ್ತು. ಈಗ ಅವಳು ಅದೇ ರೂಢಿಯಲ್ಲಿ ಅಡ್ಡ ತಿರುಗಿ ಸಂದಿಯೊಳಗೆ ಹೆಜ್ಜೆಯಿಟ್ಟಳು. ಬೆನ್ನು ಗೋಡೆಗೆ ತಾಗಲಿಲ್ಲ. ನಿಂತಳು. ನೇರ ತಿರುಗಿದಳು. ಎರಡೂ ಕೈ ಬೀಸಿಕೊಂಡು ಆ ತುದಿಯವರೆಗೆ ನಡೆದಳು, ಅಲ್ಲಿಂದ ಈ ತುದಿಗೆ ಬಂದಳು. ಮತ್ತೊಮ್ಮೆ ಹೋಗಿ ಬಂದಳು.

ಗಿರಿಮಲ್ಲಪ್ಪ ಮಗ್ಗದ ಪಕ್ಕ ನಿಂತು ಕಾದ. ಓಣಿ ಹೇಳದಿದ್ದರೂ ನಡೆಯುತ್ತಿತ್ತು, ಸಾಹೇಬರು ಬರೆಯದಿದ್ದರೂ ನಡೆಯುತ್ತಿತ್ತು. ಇವಳೊಬ್ಬಳು ಒಂಬತ್ತು ಎಂದರೆ ಸಾಕಿತ್ತು.

ಮಂಗಲಾ ಗೋಡೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಸವರಿದಳು. ಅವಳ ಕಣ್ಣು ತುಂಬಿತ್ತು.

“ಏನ ಅನ್ರಿ,” ಎಂದಳು, “ನಿಮ್ಮ ಈ ಹತ್ತು ಇಂಚಿನ ಇಟ್ಟಂಗಿ ಭಾಳ ಛಲೋ ಅದಾವ.”

ಗಿರಿಮಲ್ಲಪ್ಪ ಕಿಸೆಗೆ ಕೈಹಾಕಿದ. ಟೇಪು ಕೈಗೆ ಸಿಕ್ಕಿತು. ಅವಳ ಮುಖ ನೋಡಿದ, ಟೇಪನ್ನು ಅಲ್ಲೇ ಬಿಟ್ಟ.

“ಹೂಂ,” ಎಂದ.